ಚೀಲದ ಪಟ್ಟಿ

ಜೆಪ್ಪು ಮಾರ್ಕೆಟ್ಟಿನ ಎದುರು ನನ್ನ ಹೊಲಿಗೆ ಅಂಗಡಿ.
ಸಂಜೆ ನಾಲ್ಕೂವರೆಗೆ ಶೀನಪ್ಪ ಬರುತ್ತಿದ್ದ
ಹನ್ನೊಂದು ವರ್ಷ, ಆಟಿಯ ಮಳೆಗೂ ತಪ್ಪದೆ.
ರೈನ್‌ಕೋಟನ್ನು ಹೊರಗೇ ಕೊಡವಿ, ಚಪ್ಪಲಿ ಬಿಟ್ಟು,
"ಬಾಯಮ್ಮ, ಪಿಗ್ಮಿ" ಎನ್ನುವನು.
ನಲವತ್ತು ರೂಪಾಯಿ.
ಅಂಗೈಯಗಲದ ಮೆಷಿನ್ನು ಕಿರ್ರೆಂದು
ನಾಲಗೆಯಂಥ ಚೀಟಿ ಹೊರಚಾಚುತ್ತಿತ್ತು.
ಬೋಣಿಯೇ ಆಗದ ದಿನ
"ನಾಳೆ ಸೇರಿಸಿ ಕೊಡಿ" ಎಂದು
ತನ್ನ ಕಿಸೆಯಿಂದಲೇ ತುಂಬಿಬಿಡುತ್ತಿದ್ದ.

ಸೊಸೈಟಿಯ ಶಟರು ಬಿದ್ದದ್ದು ಒಂದು ಸೋಮವಾರ.
ಅಧ್ಯಕ್ಷರು ಊರಲ್ಲಿರಲಿಲ್ಲ,
ಫ್ಲೆಕ್ಸಿನಲ್ಲಿ ಮಾತ್ರ ಇದ್ದರು, ಕೈಮುಗಿದುಕೊಂಡು.

ಮಂಗಳವಾರ ನಾಲ್ಕೂವರೆಗೆ ಶೀನಪ್ಪ ಬಂದ.
ಬರಬಾರದಿತ್ತು. ಬಂದ.
"ಎಂತ ಆಗಿದೆ ಅಂತ ಹೇಳಿ ಹೋಗುವ ಅಂತ..."
ಹೇಳಲು ಯಾರು ಬಿಟ್ಟರು!
ಒಣಮೀನಿನ ಐರಿನ್, ಜೆರಾಕ್ಸಿನ ಹುಡುಗ,
ಸೋಡಾದ ಮೊಯ್ದಿನಬ್ಬ,
ಜನ್ಮದಲ್ಲಿ ಪಿಗ್ಮಿ ಕಟ್ಟದ ರಿಕ್ಷಾದವರೂ ಸುತ್ತ ನಿಂತು
"ನಿನ್ನ ಪಾಲಿಗೆ ಎಷ್ಟು ಬಂತು ಮಾರಾಯಾ?"
ಯಾರೋ ಸ್ಕೂಟರಿನ ಕೀ ಕಿತ್ತರು.
ನಾನು ಚೀಲಕ್ಕೇ ಕೈ ಹಾಕಿದೆ.
ಒಂದು ಲಕ್ಷದ ಮೂವತ್ತು ಸಾವಿರ
ಒಟ್ಟಿಗೆ ಬಂದು ನನ್ನ ತೋಳಲ್ಲಿ ಕೂತಿತ್ತು.
ಚರ್ರೆಂದಿತು ಪಟ್ಟಿ.

ಒಳಗಿದ್ದದ್ದು:
ಮೆಷಿನ್ನು, ಪೇಪರಿನಲ್ಲಿ ಕಟ್ಟಿದ ಒಂದು ಬನ್ಸು,
ಸಕ್ಕರೆ ಕಾಯಿಲೆಯ ಮಾತ್ರೆ,
ಮತ್ತೆ ಒಂದು ಪಾಸುಪುಸ್ತಕ, ಅದೇ ಸೊಸೈಟಿಯದು,
ಕೆ. ಶೀನಪ್ಪ ಎಂದು ಬರೆದದ್ದು.
ಅದನ್ನು ನೋಡಿದವಳು ನಾನೊಬ್ಬಳೇ.
ಮಡಚಿ ಒಳಗೆ ತುರುಕಿದೆ.
ಬಾಯಿ ಬಿಡಲಿಲ್ಲ.

ಆಮೇಲೆ ಅವನು ಫಿನಾಯಿಲು ಮಾರಿದ, ಯಾರೂ ಕೊಳ್ಳಲಿಲ್ಲ.
ಅವನ ಹೆಂಡತಿ ರೇಷನ್ನಿನ ಸಾಲಿನಲ್ಲಿ ನಿಂತರೆ
ಹಿಂದಿನವರು ಪರ್ಸು ಗಟ್ಟಿ ಹಿಡಿದು ನಗುತ್ತಿದ್ದರಂತೆ.
ಅಧ್ಯಕ್ಷರಿಗೆ ಜಾಮೀನು ಸಿಕ್ಕಿತು.
ಶಾಲೆಯ ವಾರ್ಷಿಕೋತ್ಸವಕ್ಕೆ ಬಂದಾಗ
ಮುಂದಿನ ಸಾಲಿಗೆ ಕುರ್ಚಿ ಹೊತ್ತವ
ಅದೇ, ಕೀ ಕಿತ್ತವ.
ಕೋತಿ ತಿಂದು ಮೇಕೆಯ ಬಾಯಿಗೆ ಒರೆಸಿತು ಎನ್ನುತ್ತೇವೆ.
ಮೇಕೆಯ ಬಾಯಿ ಮೂಸಿ ತೀರ್ಪು ಕೊಟ್ಟವರ ಸುದ್ದಿ
ಗಾದೆಯಲ್ಲಿ ಇಲ್ಲ.

ಇನ್ನೊಂದು ಹೇಳಬೇಕು.
ಆ ಸೊಸೈಟಿಯ ನೀಲಿ ಪರದೆ ಹೊಲಿದವಳು ನಾನು.
ಹದಿನಾಲ್ಕು ಕಿಟಕಿ,
ಅಧ್ಯಕ್ಷರ ಕೋಣೆಗೆ ಜಾಲರಿ ಬೇರೆ, ನೆರಿಗೆ ಹಿಡಿದು.
ಮಜೂರಿ ಅಲ್ಲೇ ಎಣಿಸಿ ಕೊಟ್ಟರು, ಎಲ್ಲಾ ಹಳೆಯ ನೋಟು,
ಯಾರ ಯಾರ ನಲವತ್ತೋ.
ನಾನು ಅದರಲ್ಲಿ ಅಂಜಲು ತಂದು ಗಸಿ ಮಾಡಿದೆ.
ಯಾರೂ ಬಂದು
ನನ್ನ ಮೆಷಿನ್ನಿನ ಬೆಲ್ಟು ಕೀಳಲಿಲ್ಲ.

ಇವತ್ತು ಬಂದಿದ್ದ.
ನಾಲ್ಕೂವರೆಗಲ್ಲ, ಮಧ್ಯಾಹ್ನ,
ಬೀದಿಯೆಲ್ಲ ಊಟಕ್ಕೆ ಹೋದ ಹೊತ್ತು.
ಬಂದರಿನಲ್ಲಿ ಐಸಿನ ಲೆಕ್ಕ ಬರೆಯುವ ಕೆಲಸವಂತೆ, ರಾತ್ರಿಪಾಳಿ.
"ಬುತ್ತಿಗೆ ಚೀಲ ಬೇಕು. ಇದಕ್ಕೊಂದು ಹೊಲಿಗೆ ಹಾಕಿ ಕೊಡ್ತೀರಾ?"
ಹರಿದವರು ಯಾರೆಂದು ಗೊತ್ತಿರುವ ಮುಖವೋ,
ಗೊತ್ತಿಲ್ಲದ ಮುಖವೋ
ನನಗೆ ತಿಳಿಯಲಿಲ್ಲ. ಮೇಲೆ ನೋಡಿದರಲ್ಲವೇ ತಿಳಿಯುವುದು.

ಹದಿನೆಂಟು ನಂಬರಿನ ಸೂಜಿ ಹಾಕಿದೆ.
ಒಂದು ಸಾಲು ಸಾಕಿತ್ತು, ಮೂರು ಹಾಕಿದೆ.
ನೂಲು ಎರಡು ಸಲ ತುಂಡಾಯಿತು.
ಹೊಲಿಗೆ ಮುಗಿದರೂ ಪೆಡಲು ತುಳಿಯುತ್ತಲೇ ಇದ್ದೆ.
ಶಬ್ದ ನಿಂತರೆ ಮಾತಾಡಬೇಕಲ್ಲ.

"ಎಷ್ಟಾಯಿತು?"
"ಬೇಡ."
"ಬೇಡ ಅಂದರೆ ಆಗ್ಲಿಕ್ಕಿಲ್ಲ ಬಾಯಮ್ಮ, ಲೆಕ್ಕ ಲೆಕ್ಕವೇ."
ಕತ್ತರಿಯ ಅಡಿಗೆ ಇಪ್ಪತ್ತರ ನೋಟು ಇಟ್ಟ.

ನನ್ನ ಡ್ರಾಯರಿನಲ್ಲಿ ಹನ್ನೊಂದು ವರ್ಷದ ಚೀಟಿಗಳಿವೆ.
ಸೆಕೆಗೆ ಶಾಯಿ ಹಾರಿ
ಎಲ್ಲ ಬಿಳಿ.
ಅಲ್ಲಿ ಏನು ಬರೆದಿತ್ತೆಂದು ನೆನಪಿರುವುದು
ಇಬ್ಬರಿಗೇ.

ಪಟ್ಟಿ ಹೆಗಲಿಗೆ ಹಾಕಿ, ಒಮ್ಮೆ ಜಗ್ಗಿ ನೋಡಿ,
ಬಾಗಿಲಲ್ಲಿ ಒಂದು ಗಳಿಗೆ ನಿಂತ,
ಚಪ್ಪಲಿ ಹುಡುಕುತ್ತಿದ್ದನೋ,
ನನ್ನಿಂದ ಏನೋ ಬರಬೇಕಿತ್ತೋ.